ಫೋನಿನ ಹೆಸರಿನಲ್ಲಿರುವ ಅಂಕಿ

ಕೇಳುಗರಿಗೆ ನಮಸ್ಕಾರ.

2007ರಲ್ಲಿ ಆಪಲ್ ಕಂಪನಿ ತನ್ನ ಮೊದಲ ಐಫೋನನ್ನು ಮಾರುಕಟ್ಟೆಗೆ ತಂದಾಗ ಅದರ ಹೆಸರಿನಲ್ಲಿ ಯಾವ ಅಂಕಿಯೂ ಇರಲಿಲ್ಲ. ಮರುವರ್ಷ ಬಂದ ಎರಡನೆಯ ಫೋನಿಗೆ ಐಫೋನ್ 3ಜಿ ಎಂದು ಹೆಸರಿಟ್ಟರು. ಅಲ್ಲಿದ್ದ ಮೂರು, ಫೋನಿನ ಪೀಳಿಗೆಯನ್ನು ಹೇಳುತ್ತಿರಲಿಲ್ಲ. ಆ ಫೋನು ಬಳಸುತ್ತಿದ್ದ ಮೊಬೈಲ್ ಜಾಲದ ಪೀಳಿಗೆಯನ್ನು ಹೇಳುತ್ತಿತ್ತು. 2009ರಲ್ಲಿ 3ಜಿಎಸ್ ಬಂದಿತು. 2010ರಲ್ಲಿ ನಾಲ್ಕನೆಯ ಫೋನು ಐಫೋನ್ 4 ಎಂಬ ಹೆಸರಿನಲ್ಲಿಯೇ ಬಂದಾಗ ಅಂಕಿಯೂ ಎಣಿಕೆಯೂ ಒಮ್ಮೆ ಕೂಡಿಕೊಂಡವು. ಆದರೆ ಮುಂದಿನ ವರ್ಷವೇ 4ಎಸ್ ಬಂದು ಆ ಲೆಕ್ಕ ಮತ್ತೆ ತಪ್ಪಿತು. 2017ರಲ್ಲಿ ಐಫೋನ್ 8ರ ಜೊತೆಯಲ್ಲಿಯೇ, ರೋಮನ್ ಅಂಕಿಯಲ್ಲಿ ಹತ್ತು ಎಂದು ಬರೆದ ಇನ್ನೊಂದು ಫೋನು ಪ್ರಕಟವಾಯಿತು. ಒಂಬತ್ತು ಎಂಬ ಐಫೋನು ಬರಲೇ ಇಲ್ಲ.

ಇಷ್ಟು ವಿವರ ಹೇಳುವುದಕ್ಕೆ ಕಾರಣವಿದೆ. ಮಂಗಳೂರಿನ ಹಂಪನಕಟ್ಟೆಯಲ್ಲಾಗಲಿ ಉಡುಪಿಯ ಸಿಟಿ ಬಸ್ ನಿಲ್ದಾಣದ ಆಸುಪಾಸಿನಲ್ಲಾಗಲಿ ಮೊಬೈಲ್ ಅಂಗಡಿಯ ಮೆಟ್ಟಿಲು ಹತ್ತುವ ನಮ್ಮಲ್ಲಿ ಹೆಚ್ಚಿನವರು, ನಾಲ್ಕನೆಯ ತರಗತಿಯ ಮೇಲೆ ಐದನೆಯದು ಇರುವ ಹಾಗೆ, ಹೆಸರಿನಲ್ಲಿ ದೊಡ್ಡ ಅಂಕಿ ಇರುವ ಫೋನು ಹೊಸದು ಮತ್ತು ಮೇಲ್ಮಟ್ಟದ್ದು ಎಂದು ನಂಬಿಕೊಂಡೇ ಮಾತು ಆರಂಭಿಸುತ್ತೇವೆ. ಹಾಗೆ ನಂಬುವುದರಲ್ಲಿ ಕೊಳ್ಳುವವರ ತಪ್ಪೇನೂ ಇಲ್ಲ. ಅಂಕಿ ಇಟ್ಟವರು ಅದಕ್ಕೊಂದು ಕ್ರಮವನ್ನೂ ಇಟ್ಟಿರುತ್ತಾರೆ ಎಂದು ಎಣಿಸುವುದು ಸಹಜ. ಕ್ರಮ ಇರುವುದೂ ಉಂಟು. ಆದರೆ ಅದು ಕಂಪನಿಯಿಂದ ಕಂಪನಿಗೆ, ಕೆಲವೊಮ್ಮೆ ಒಂದೇ ಕಂಪನಿಯಲ್ಲಿ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ.

ಸ್ಯಾಮ್‌ಸಂಗ್ ಕಂಪನಿಯ ಗ್ಯಾಲಕ್ಸಿ ಎ ಸಾಲು ಇದಕ್ಕೆ ಒಳ್ಳೆಯ ಉದಾಹರಣೆ. ಮೊದಲು ಅವರು ಎ5 ಎಂಬ ಹೆಸರನ್ನೇ ಉಳಿಸಿಕೊಂಡು, ಅದರ ಪಕ್ಕದಲ್ಲಿ 2016, 2017 ಎಂದು ಇಸವಿಯನ್ನು ಸೇರಿಸುತ್ತಿದ್ದರು. ಫೋನಿಗೆ ಹೆಸರಿಡುವ ರೀತಿಗಳಲ್ಲಿ ಕೊಳ್ಳುವವರಿಗೆ ಅತ್ಯಂತ ಉಪಕಾರಿಯಾದದ್ದು ಅದೇ ಎಂದು ನಾನು ತಿಳಿದಿದ್ದೇನೆ. 2019ರಲ್ಲಿ ಆ ಪದ್ಧತಿಯನ್ನು ಕೈಬಿಟ್ಟು ಎ50 ಎಂಬ ಹೊಸ ಎಣಿಕೆಯನ್ನು ತಂದರು. ಅದರ ಮುಂದೆ ಎ51, ಎ52 ಎಂದು ಸಾಗಿ 2023ರಲ್ಲಿ ಎ54, 2024ರಲ್ಲಿ ಎ55 ಬಂದವು. ಇಲ್ಲಿ ಮೊದಲ ಅಂಕಿ ಫೋನಿನ ದರ್ಜೆಯನ್ನೂ ಎರಡನೆಯ ಅಂಕಿ ಅದರ ಪೀಳಿಗೆಯನ್ನೂ ಸೂಚಿಸುತ್ತದೆ. ಈ ಗುಟ್ಟು ತಿಳಿಯದೆ ಐವತ್ತನಾಲ್ಕನ್ನೂ ಮೂವತ್ತೈದನ್ನೂ ಎದುರುಬದುರು ಇಟ್ಟರೆ, ಐವತ್ತನಾಲ್ಕೇ ಎಲ್ಲ ಬಗೆಯಲ್ಲೂ ಮುಂದಿದೆ ಎಂದು ತೋರುತ್ತದೆ. ಎ54 ದರ್ಜೆಯಲ್ಲಿ ಮೇಲಿನದು ಹೌದು. ಆದರೆ ಎ35 ಅದಕ್ಕಿಂತ ಒಂದು ವರ್ಷ ಹೊಸದು. ಎರಡಕ್ಕೂ ಕಂಪನಿ ಐದು ವರ್ಷಗಳ ಭದ್ರತಾ ಅಪ್‌ಡೇಟ್ ಕೊಡುತ್ತೇನೆಂದು ಹೇಳಿರುವುದರಿಂದ, ಚಿಕ್ಕ ಅಂಕಿಯ ಫೋನಿಗೆ ಅಪ್‌ಡೇಟ್ ಒಂದು ವರ್ಷ ಹೆಚ್ಚು ಕಾಲ ಸಿಗುತ್ತದೆ.

ಅಂಕಿಗಳನ್ನು ಹಾರಿಸುವ ಅಭ್ಯಾಸವೂ ಎಲ್ಲ ಕಡೆ ಇದೆ. ಅದೇ ಸ್ಯಾಮ್‌ಸಂಗ್ 2019ರ ಎಸ್10 ಆದ ಮೇಲೆ 2020ರಲ್ಲಿ ನೇರವಾಗಿ ಎಸ್20ಕ್ಕೆ ಹೋಯಿತು. ಅಲ್ಲಿಂದ ಈಚೆಗೆ ಆ ಸಾಲಿನ ಅಂಕಿ ಇಸವಿಯ ಕೊನೆಯ ಎರಡು ಅಂಕಿಗಳಿಗೆ ಹೊಂದಿಕೊಂಡು ಬಂದಿರುವುದು ನಮಗೆ ಅನುಕೂಲವೇ ಆಗಿದೆ. ಒನ್‌ಪ್ಲಸ್ ಮೂರರಿಂದ ಐದಕ್ಕೆ ಜಿಗಿಯಿತು, ಏಕೆಂದರೆ ಚೀನಾದಲ್ಲಿ ನಾಲ್ಕು ಅಶುಭದ ಅಂಕಿ. 2025ರ ಸೆಪ್ಟೆಂಬರಿನಲ್ಲಿ ಆಪಲ್‌ನ ಐಫೋನ್ 17 ಬಂದ ತಿಂಗಳಲ್ಲೇ ಶವೋಮಿ ತನ್ನ ಹದಿನೈದರ ಮುಂದಿನ ಫೋನಿಗೆ ಹದಿನಾರನ್ನು ಬಿಟ್ಟು ಹದಿನೇಳು ಎಂದು ಹೆಸರಿಟ್ಟಿತು. ಇಂಥ ಜಿಗಿತದಿಂದ ಕೊಳ್ಳುವವರಿಗೆ ದೊಡ್ಡ ನಷ್ಟವೇನೂ ಇಲ್ಲ.

ನಿಜವಾದ ತೊಂದರೆ ಇರುವುದು ಒಂದೇ ಹೆಸರಿನಲ್ಲಿ ಬೇರೆ ಬೇರೆ ಫೋನುಗಳು ಬಂದಾಗ. ಮೋಟೋ ಜಿ ಎಂಬ ಹೆಸರಿನಲ್ಲಿ 2013, 2014 ಮತ್ತು 2015ರಲ್ಲಿ ಮೂರು ಫೋನುಗಳು ಬಂದವು. ಮೊದಲನೆಯದರ ಪರದೆ ನಾಲ್ಕೂವರೆ ಇಂಚು, ಉಳಿದವುಗಳದು ಐದು ಇಂಚು. ಐಫೋನ್ ಎಸ್ಇ 2016ರಲ್ಲಿ ನಾಲ್ಕು ಇಂಚಿನದಾಗಿತ್ತು. 2020ರಲ್ಲಿಯೂ 2022ರಲ್ಲಿಯೂ ಅದೇ ಹೆಸರಿನಲ್ಲಿ ಬಂದವು 4.7 ಇಂಚಿನವು. ಅಂಗಡಿಗೆ ಹೋಗಿ "ಅಣ್ಣಾ, ಎಸ್ಇಗೆ ಟೆಂಪರ್ಡ್ ಗ್ಲಾಸ್ ಉಂಟಾ?" ಎಂದು ಕೇಳಿದವರಿಗೆ, "ಯಾವ ವರ್ಷದ್ದು?" ಎಂಬ ಮರುಪ್ರಶ್ನೆ ಬರುವುದು ಇದರಿಂದಲೇ. ಗ್ಲಾಸು ಅಥವಾ ಕವರು ಹೊಂದದಿದ್ದರೆ ಹೋಗುವುದು ನೂರಿನ್ನೂರು ರೂಪಾಯಿ. ಡಿಸ್‌ಪ್ಲೇಯನ್ನೇ ಬದಲಿಸಬೇಕಾಗಿ ಬಂದಾಗ, ತಪ್ಪು ಮಾಡೆಲಿನ ಭಾಗವನ್ನು ತರಿಸಿಕೊಂಡರೆ ಸಾವಿರಗಳ ಮಾತಾಗುತ್ತದೆ.

ದೇಶ ಬದಲಾದಾಗ ಈ ಗೊಂದಲ ಇನ್ನೂ ಬೆಳೆಯುತ್ತದೆ. 2021ರಲ್ಲಿ ಹೊರದೇಶಗಳಲ್ಲಿ ರೆಡ್‌ಮಿ ನೋಟ್ 10 ಪ್ರೋ ಎಂದು ಮಾರಿದ 108 ಮೆಗಾಪಿಕ್ಸೆಲ್ ಕ್ಯಾಮೆರಾದ ಫೋನಿಗೆ ಭಾರತದಲ್ಲಿ 10 ಪ್ರೋ ಮ್ಯಾಕ್ಸ್ ಎಂಬ ಹೆಸರಿತ್ತು. ಭಾರತದಲ್ಲಿ 10 ಪ್ರೋ ಎಂದು ಮಾರಿದ್ದು 64 ಮೆಗಾಪಿಕ್ಸೆಲ್ ಕ್ಯಾಮೆರಾದ ಬೇರೆಯದೇ ಫೋನು. ಅಂತರಜಾಲದಲ್ಲಿ ವಿದೇಶದವರ ವಿಮರ್ಶೆಯನ್ನು ನೋಡಿ ಇಲ್ಲಿ ಕೊಳ್ಳಲು ಹೋದವರಿಗೆ ಇದನ್ನು ಯಾರು ಹೇಳಬೇಕು?

ನಮ್ಮ ಕರಾವಳಿಯಲ್ಲಿ ಇದಕ್ಕೆ ಇನ್ನೊಂದು ಮುಖವಿದೆ. ದುಬೈ, ಕತಾರ್, ಕುವೈತ್, ಸೌದಿಗಳಲ್ಲಿ ದುಡಿಯುವ ಅಣ್ಣ, ಭಾವ, ಚಿಕ್ಕಪ್ಪಂದಿರು ರಜೆಯಲ್ಲಿ ಬರುವಾಗ ಫೋನು ತರುವುದು ಇಲ್ಲಿನ ಎಷ್ಟೋ ಮನೆಗಳಲ್ಲಿ ನಡೆದುಬಂದ ಸಂಗತಿ. 2022ರಲ್ಲಿ ಐಫೋನ್ 14 ಬಂದಾಗ ಅಮೆರಿಕದಲ್ಲಿ ಮಾರಿದ ಫೋನಿನಲ್ಲಿ ಸಿಮ್ ಹಾಕುವ ಜಾಗವೇ ಇರಲಿಲ್ಲ. ಭಾರತದ್ದರಲ್ಲಿ ಒಂದು ಸಿಮ್‌ಗೆ ಜಾಗವಿತ್ತು, ಚೀನಾದ್ದರಲ್ಲಿ ಎರಡಕ್ಕೆ. ಮೂರಕ್ಕೂ ಹೆಸರು ಒಂದೇ. 2025ರ ಐಫೋನ್ 17ರಲ್ಲಿ ಈ ಬದಲಾವಣೆ ಕೊಲ್ಲಿಗೂ ಬಂದಿದೆ: ಯುಎಇ, ಸೌದಿ, ಕತಾರ್, ಕುವೈತ್, ಒಮಾನ್, ಬಹ್ರೈನ್‌ಗಳಲ್ಲಿ ಮಾರುವ ಫೋನಿಗೆ ಇ-ಸಿಮ್, ಅಂದರೆ ಕಾರ್ಡಿಲ್ಲದೆ ಫೋನಿನೊಳಗೇ ಇರುವ ಸಿಮ್, ಮಾತ್ರ. ಹೀಗಿರುವಾಗ ಊರಿನಲ್ಲಿ ತಾಯಿಯ ಕೈಗೆ ಆ ಫೋನನ್ನು ಕೊಟ್ಟರೆ, ಅವರ ಹಳೆಯ ಸಿಮ್ ಕಾರ್ಡನ್ನು ತೆಗೆದು ಇದಕ್ಕೆ ಹಾಕುವುದು ಆಗದ ಕೆಲಸ. ಮೊದಲು ಸೇವಾ ಕಂಪನಿಯ ಮೂಲಕ ಅದೇ ಸಂಖ್ಯೆಯನ್ನು ಇ-ಸಿಮ್‌ಗೆ ಬದಲಿಸಿಕೊಳ್ಳಬೇಕು. ತರುವವರು ಅಲ್ಲಿಂದ ಹೊರಡುವ ಮೊದಲೇ ಇದನ್ನು ತಿಳಿದಿದ್ದರೆ ಒಳ್ಳೆಯದು.

ಆದುದರಿಂದ ಹೆಸರಿನ ಹಿಂದಿರುವ ಮಾಡೆಲ್ ಸಂಖ್ಯೆಯನ್ನು ನೋಡುವ ರೂಢಿ ಮಾಡಿಕೊಳ್ಳಿ ಎಂದು ಕೇಳಿಕೊಳ್ಳುತ್ತೇನೆ. ಅದು ಪೆಟ್ಟಿಗೆಯ ಮೇಲೆಯೂ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಫೋನಿನ ಮಾಹಿತಿ ಇರುವ ಕಡೆಯೂ ಅಕ್ಷರ ಮತ್ತು ಅಂಕಿಗಳು ಬೆರೆತ ರೂಪದಲ್ಲಿ ಇರುತ್ತದೆ. ಜಾಹೀರಾತಿನ ಹೆಸರು ಒಂದೇ ಆಗಿದ್ದರೂ ಈ ಸಂಖ್ಯೆ ಬೇರೆಯಾಗಿದ್ದರೆ, ಒಳಗೆ ಏನೋ ವ್ಯತ್ಯಾಸವಿದೆ ಎಂದು ತಿಳಿಯಬಹುದು. ಪೆಟ್ಟಿಗೆಯ ಮೇಲಿನ ತಯಾರಿಕೆಯ ತಿಂಗಳು ಮತ್ತು ವರ್ಷವನ್ನು ಮಾತ್ರ ನಂಬಬೇಡಿ; ಎರಡು ವರ್ಷದ ಹಿಂದೆ ಬಿಡುಗಡೆಯಾದ ಮಾಡೆಲ್ ಕಳೆದ ತಿಂಗಳು ತಯಾರಾಗಿರಲೂಬಹುದು. ಕೇಳಬೇಕಾದದ್ದು ಆ ಮಾಡೆಲ್ ಮೊದಲು ಬಿಡುಗಡೆಯಾದ ವರ್ಷವನ್ನು. 2024ರ ಜನವರಿಯಲ್ಲಿ ಬಂದ ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷಗಳ ಅಪ್‌ಡೇಟ್ ಎಂದರೆ ಅದು 2031ರವರೆಗೆ ಎಂದರ್ಥ. ನೀವು ಯಾವ ವರ್ಷ ಕೊಂಡಿರಿ ಎಂಬುದು ಆ ಲೆಕ್ಕಕ್ಕೆ ಬರುವುದಿಲ್ಲ. ಅಂಗಡಿಯವರು ಬೆಲೆಯ ಚೀಟಿಯಲ್ಲಿ ಈ ವರ್ಷವನ್ನೂ ಬರೆದಿಡುವಂತಾದರೆ ಕೊಳ್ಳುವವರಿಗೆ ದೊಡ್ಡ ಸಹಾಯವಾಗುತ್ತದೆ.

ಬಳಸಿದ ಫೋನನ್ನು ಕೊಳ್ಳುವವರು ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು. ಡಯಲ್ ಮಾಡುವ ಜಾಗದಲ್ಲಿ ಸ್ಟಾರ್, ಹ್ಯಾಶ್, ಸೊನ್ನೆ, ಆರು, ಹ್ಯಾಶ್ ಒತ್ತಿದರೆ ಪ್ರತಿ ಫೋನಿಗೂ ಬೇರೆಯಾಗಿರುವ, ಹದಿನೈದು ಅಂಕಿಗಳ ಐಎಂಇಐ ಎಂಬ ಗುರುತಿನ ಸಂಖ್ಯೆ ಕಾಣಿಸುತ್ತದೆ. ಕೆ, ವೈ, ಎಂ ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಬರೆದು, ಒಂದು ಅಕ್ಷರದಷ್ಟು ಜಾಗ ಬಿಟ್ಟು, ಆ ಸಂಖ್ಯೆಯನ್ನು ಸೇರಿಸಿ 14422ಕ್ಕೆ ಎಸ್ಎಂಎಸ್ ಕಳಿಸಿದರೆ ದೂರಸಂಪರ್ಕ ಇಲಾಖೆಯ ವ್ಯವಸ್ಥೆಯಿಂದ ಆ ಫೋನಿನ ಕಂಪನಿ ಮತ್ತು ಮಾಡೆಲ್ ಯಾವುದೆಂಬ ಉತ್ತರ ಬರುತ್ತದೆ. ಉತ್ತರದಲ್ಲಿ ಬಂದ ಹೆಸರು ಕೈಯಲ್ಲಿರುವ ಫೋನಿನ ಹೆಸರಿಗೆ ಹೊಂದದಿದ್ದರೆ, ಅಥವಾ ಆ ಸಂಖ್ಯೆ ಕಪ್ಪುಪಟ್ಟಿಯಲ್ಲಿದೆ ಎಂದು ಬಂದರೆ, ಹಣ ಕೊಡದೆ ಫೋನನ್ನು ಹಿಂದಿರುಗಿಸಿ.

ನಮಸ್ಕಾರ.