ಲಿನಕ್ಸ್‌ನ ಹಳೇ ಚರಿತ್ರೆಗೊಂದು ಗಂಟು

ಸ್ಕ್ರೀನ್ ಕಾಣುತ್ತಿದೆ ಅಲ್ವಾ? ಇದು ಲಿನಕ್ಸ್ ಕರ್ನಲ್, ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಿನ ಕೋಡ್. ಒಂದು ಹಳೇ ಫೈಲಿನ ಮೇಲೆ ಗಿಟ್ ಬ್ಲೇಮ್ ಓಡಿಸಿದ್ದೇನೆ. ಗಿಟ್ ಅಂದರೆ ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಸಾಫ್ಟ್‌ವೇರ್, ಬ್ಲೇಮ್ ಅಂದರೆ ಯಾವ ಸಾಲನ್ನು ಯಾರು ಯಾವಾಗ ಬರೆದರು ಅಂತ ತೋರಿಸುವ ಅದರ ಕಮಾಂಡ್. ಎಡಗಡೆ ನೋಡಿ, ಸಾಲು ಸಾಲಿಗೂ ಲಿನಕ್ಸ್ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್. ತಾರೀಕೂ ಒಂದೇ, 2005ರ ಏಪ್ರಿಲ್ 16. ಇಷ್ಟನ್ನೂ ಒಬ್ಬರೇ ಒಂದೇ ದಿನ ಕೂತು ಬರೆದರಾ? ಎಲ್ಲಿಂದ ಬಂತು! ಮೊದಲು ಇದೇ ಕೆಲಸಕ್ಕೆ ಬಳಸುತ್ತಿದ್ದ ಬಿಟ್‌ಕೀಪರ್ ಬಿಟ್ಟು ಗಿಟ್‌ಗೆ ಬಂದಾಗ ಲಿನಕ್ಸ್ 2.6.12-ಆರ್‌ಸಿ2 ಆವೃತ್ತಿಯ ಕೋಡನ್ನು ಇಡಿಯಾಗಿ ತಂದು ಸುರಿದರು, ಅಷ್ಟೇ. ಹಿಂದಿನದನ್ನೆಲ್ಲ ತಂದರೆ 3.2 ಜಿಬಿ ಆಗುತ್ತದೆ, ಸದ್ಯಕ್ಕೆ ಬೇಡ ಅಂತ ಆ ಕಮಿಟ್‌ನ, ಅಂದರೆ ಗಿಟ್‌ನಲ್ಲಿ ದಾಖಲಾದ ಆ ಬದಲಾವಣೆಯ, ಮೆಸೇಜಿನಲ್ಲೇ ಬರೆದಿದ್ದಾರೆ. ಶುದ್ಧ ಸೋಮಾರಿತನ. ಅಲ್ಲ, ಇರಿ, ಗಿಟ್ ಹುಟ್ಟಿ ಆಗ ಹತ್ತು ದಿನ ತುಂಬಿರಲಿಲ್ಲ. ಪಾಪ, ಬಿಡಿ.

ಹಳೇದು ಕಳೆದುಹೋಗಿಲ್ಲ. 2002ರಿಂದ 2005ರವರೆಗಿನ ಬಿಟ್‌ಕೀಪರ್ ಚರಿತ್ರೆಯನ್ನು ಕರ್ನಲ್ ಡೆವಲಪರ್ ಥಾಮಸ್ ಗ್ಲೈಕ್ಸ್‌ನರ್ ಬೇರೆ ರಿಪಾಸಿಟರಿ (ಕೋಡು, ಅದರ ಚರಿತ್ರೆ ಎರಡೂ ಇರುವ ಭಂಡಾರ) ಮಾಡಿ ಕರ್ನಲ್ ಡಾಟ್ ಆರ್ಗ್ ತಾಣದಲ್ಲಿ ಇಟ್ಟಿದ್ದಾರೆ. ಇವತ್ತು ಎರಡನ್ನೂ ಜೋಡಿಸೋದು.

ಇದು ಕ್ಲೋನ್, ಅಂದರೆ ರಿಪಾಸಿಟರಿಯನ್ನು ಇಡಿಯಾಗಿ ನಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳೋದು. ಓಡುತ್ತಿದೆ, ಓಡುತ್ತಿದೆ... ಹೋಯ್ತು! ಎಂಬತ್ತು ಪರ್ಸೆಂಟ್ ದಾಟಿತ್ತು ಕಣ್ರೀ. ಕರೆಂಟ್ ಹೋಯಿತು, ವೈಫೈ ಹೋಯಿತು, ಕ್ಲೋನ್ ಕೂಡ ಹೋಯಿತು. ಮತ್ತೆ ಕೊಟ್ಟರೆ ಸೊನ್ನೆಯಿಂದ ಶುರು. ನಿಂತಲ್ಲಿಂದ ಮುಂದುವರಿಯೋದು ಗಿಟ್ ಕ್ಲೋನ್‌ಗೆ ಗೊತ್ತೇ ಇಲ್ಲ. ಟೊರೆಂಟ್ ಇದನ್ನು ಯಾವ ಕಾಲದಲ್ಲೋ ಮಾಡುತ್ತಿತ್ತು! ಕಾರಣ ಇದೆ: ಕೇಳಿದಾಗಲೆಲ್ಲ ಸರ್ವರ್ ಕಳಿಸಬೇಕಾದ ಡೇಟಾದ ಪ್ಯಾಕ್ ಅನ್ನು ಹೊಸದಾಗಿ ಕಟ್ಟುತ್ತದೆ, ಹೋದ ಸಲದ್ದೂ ಈ ಸಲದ್ದೂ ಬೈಟ್‌ಗೆ ಬೈಟ್ ಒಂದೇ ಇರುತ್ತದೆ ಅನ್ನೋ ಖಾತ್ರಿ ಇಲ್ಲ. ಸರಿ, ಕಾರಣ ಒಪ್ಪಿದೆ. ಹೋದ ಡೇಟಾ ವಾಪಸ್ ಬರುತ್ತಾ? ನಮ್ಮ ಏರಿಯಾದಲ್ಲಿ ಸಂಜೆಯಾದರೆ ಕರೆಂಟ್‌ನವರಿಗೆ ಏನು ನೆನಪಾಗುತ್ತದೋ ದೇವರೇ ಬಲ್ಲ. ಇನ್ವರ್ಟರ್ ರೇಟ್ ಕೇಳಿದೆ ಮೊನ್ನೆ, ಬೇಡ, ಆ ಮಾತು ಬೇಡ. ನೆಟ್ ಕೈಕೊಡುವವರಿಗಾಗಿಯೇ ಕರ್ನಲ್ ಡಾಟ್ ಆರ್ಗ್‌ನವರು ಕ್ಲೋನ್ ಬಂಡಲ್ ಅಂತ ಒಂದೇ ಫೈಲ್ ಇಟ್ಟಿದ್ದಾರೆ. ಅದನ್ನು ಡೌನ್‌ಲೋಡ್ ಮಾಡುವ ಕಮಾಂಡ್ ವಿಗೆಟ್‌ನಲ್ಲಿ, ಡ್ಯಾಶ್ ಸಿ ಹಾಕಿ, ಇಳಿಸಿಕೊಂಡರೆ ನಿಂತಲ್ಲಿಂದ ಮುಂದುವರಿಯುತ್ತದೆ. ಈಗ ಇಳಿಯುತ್ತಿರೋದು ಅದೇ. ಫಾಸ್ಟ್ ಫಾರ್ವರ್ಡ್ ಮಾಡಿದ್ದೇನೆ.

ಆಯ್ತು, ಎರಡೂ ಒಂದೇ ಕಡೆ ಬಂದವು. ಜೋಡಿಸುವ ಕಮಾಂಡ್ ಇದು: ಗಿಟ್ ರಿಪ್ಲೇಸ್, ಗ್ರಾಫ್ಟ್ (ಅಂದರೆ ಕಸಿ), ಹೊಸ ರಿಪಾಸಿಟರಿಯ ಮೊದಲ ಕಮಿಟ್, ಹಳೇದರ ಕೊನೇ ಕಮಿಟ್. ಎಂಟರ್. ಮುಗೀತು! ಇಷ್ಟಕ್ಕಾ ಇಷ್ಟೊತ್ತು?

ಒಳಗೆ ಏನಾಯಿತು ನೋಡಿ. ಡಾಟ್ ಗಿಟ್, ರೆಫ್ಸ್, ರಿಪ್ಲೇಸ್. ಒಂದೇ ಒಂದು ಫೈಲ್, 41 ಬೈಟ್. ಫೈಲಿನ ಹೆಸರು 2005ರ ಆ ಮೂಲ ಕಮಿಟ್‌ನ ಹ್ಯಾಶ್, ಅಂದರೆ ಅದರೊಳಗಿನದರಿಂದಲೇ ಲೆಕ್ಕ ಹಾಕಿದ ಗುರುತು. ಒಳಗಿರೋದು ಗಿಟ್ ಈಗ ಮಾಡಿದ ಬದಲಿ ಕಮಿಟ್‌ನ ಹ್ಯಾಶ್, 40 ಅಕ್ಷರ, ಕೊನೆಗೊಂದು ನ್ಯೂಲೈನ್. ಈ ಬದಲಿ ಕಮಿಟ್ ಮೂಲದ ನಕಲೇ, ಪೇರೆಂಟ್ (ಅದರ ಹಿಂದಿನ ಕಮಿಟ್) ಒಂದು ಜಾಸ್ತಿ. ಮೂಲವನ್ನು ಕೇಳಿದಾಗ ಗಿಟ್ ಸದ್ದಿಲ್ಲದೆ ಇದನ್ನು ಕೊಡುತ್ತದೆ. ಮೂಲ ಕಮಿಟ್ ಇದ್ದ ಜಾಗದಲ್ಲೇ ಇದೆ, ಯಾರೂ ಮುಟ್ಟಿಲ್ಲ. ನಿಜವಾಗಲೂ ತಿದ್ದಲು ಹೋಗಿದ್ದರೆ ಅದರ ಮೇಲಿನ 10 ಲಕ್ಷಕ್ಕೂ ಹೆಚ್ಚು ಕಮಿಟ್‌ಗಳ ಹ್ಯಾಶ್ ಬದಲಾಗುತ್ತಿತ್ತು. ಆವೃತ್ತಿಗಳನ್ನು ಗುರುತಿಸುವ, ಸಹಿ ಹಾಕಿದ ಟ್ಯಾಗ್‌ಗಳ ಕಥೆ ಕೇಳಲೇಬೇಡಿ.

ಈಗ ಮತ್ತೆ ಬ್ಲೇಮ್. ನೋಡಿ, ನೋಡಿ! ಲಿನಸ್ ಹೆಸರಿದ್ದ ಸಾಲುಗಳಲ್ಲಿ ಬೇರೆ ಬೇರೆಯವರು, 2003, 2004. ಬರೆದವರ ಹೆಸರು ಈಗ ಬಂತು.

ಒಂದು ಕಿರಿಕಿರಿ. ಸುಮ್ನೆ ಪುಶ್ ಮಾಡಿದರೆ, ಅಂದರೆ ಸರ್ವರ್‌ಗೆ ಕಳಿಸಿದರೆ, ಇದು ಹೋಗಲ್ಲ. ಸುಮ್ನೆ ಕ್ಲೋನ್ ಮಾಡಿದವರಿಗೂ ಬರಲ್ಲ, ರೆಫ್ಸ್ ರಿಪ್ಲೇಸ್ ಅಂತ ಹೆಸರು ಹಿಡಿದು ಕೇಳಬೇಕು. ಎಂಥ ದರಿದ್ರ ಏರ್ಪಾಡು ಅಂದುಕೊಂಡೆ. ಆದರೆ ಯೋಚಿಸಿ, ಯಾರದೋ ರಿಪಾಸಿಟರಿ ಕ್ಲೋನ್ ಮಾಡಿದಾಗ ಅವರು ಬದಲಿಟ್ಟ ಕಮಿಟ್‌ಗಳು ಕೇಳದೆಯೇ ನಿಮ್ಮಲ್ಲಿಗೂ ಬಂದರೆ? ಬೇಡಪ್ಪಾ. ಇರೋದೇ ಸರಿ. ಅನುಮಾನ ಬಂದರೆ ನೋ ರಿಪ್ಲೇಸ್ ಆಬ್ಜೆಕ್ಟ್ಸ್ ಅನ್ನೋ ಆಪ್ಶನ್ ಹಾಕಿ, ಅಸಲಿದ್ದು ಕಾಣುತ್ತದೆ.

ಲಾಗ್, ಅಂದರೆ ಕಮಿಟ್‌ಗಳ ಪಟ್ಟಿ, ಸ್ವಲ್ಪ ತೆವಳುತ್ತಿದೆ ಅಲ್ವಾ? ಲ್ಯಾಪ್‌ಟಾಪ್ ತಪ್ಪಲ್ಲ. ರಿಪ್ಲೇಸ್ ಇದ್ದರೆ ಚರಿತ್ರೆಯನ್ನು ಬೇಗ ಓದಲು ಇಟ್ಟುಕೊಂಡಿರುವ ಕಮಿಟ್ ಗ್ರಾಫ್ ಫೈಲನ್ನು ಗಿಟ್ ಬಳಸೋದಿಲ್ಲ. ದಿನಾ ಕೆಲಸ ಮಾಡುವ ಕಾಪಿಯಲ್ಲಿ ನಾನಂತೂ ಇದನ್ನು ಇಡಲ್ಲ. ಗಿಟ್ ರಿಪ್ಲೇಸ್ ಡ್ಯಾಶ್ ಡಿ ಕೊಟ್ಟರೆ ಗಂಟು ಬಿಚ್ಚುತ್ತದೆ.

1991ರ ಲಿನಕ್ಸ್ 0.01ರಿಂದ ಶುರುವಾಗುವ ರಿಪಾಸಿಟರಿಯೂ ಇದೆ. ಅದನ್ನೂ ಇದರ ಹಿಂದೆ... ಅಯ್ಯೋ, ರೆಕಾರ್ಡಿಂಗ್ ನಿಲ್ಲುತ್ತಿದೆ, ಡಿಸ್ಕ್ ಫುಲ್ ಅಂತೆ!