ಜನವರಿಯ ಆಫರ್, ಜೂನ್ ತಿಂಗಳ ಮಳೆ: ಜಿಮ್‌ಗಳು ಮಹಿಳೆಯರನ್ನು ಕರೆಯುವ ಬಗೆ

(ದೃಶ್ಯ: ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರ, ಬೆಳಗಿನ ಆರೂವರೆ. ಚಪ್ಪಲಿ ಕೈಯಲ್ಲಿ ಹಿಡಿದು ಮರಳಿನ ಮೇಲೆ ನಡೆಯುತ್ತಿರುವ ಮಹಿಳೆಯರು.)

ನಮಸ್ಕಾರ. ಈ ದೃಶ್ಯವನ್ನು ಚಿತ್ರೀಕರಿಸಿದ್ದು ಫೆಬ್ರುವರಿಯಲ್ಲಿ. ಜೂನ್ ಎರಡನೆಯ ವಾರದ ನಂತರ ಇದೇ ಜಾಗದಲ್ಲಿ ಕ್ಯಾಮೆರಾ ಇಟ್ಟರೆ ಮಳೆ ಮತ್ತು ಅಬ್ಬರದ ಅಲೆಗಳಷ್ಟೇ ಕಾಣುತ್ತವೆ. ಈ ಮಹಿಳೆಯರಲ್ಲಿ ಹೆಚ್ಚಿನವರ ನಡಿಗೆ ಸೆಪ್ಟೆಂಬರ್ ಕಳೆಯುವವರೆಗೆ ನಿಂತೇ ಹೋಗಿರುತ್ತದೆ. ಜಿಮ್‌ಗಳು ಮಹಿಳೆಯರನ್ನು ಹೇಗೆ ಕರೆಯುತ್ತವೆ, ಆ ಕರೆ ಏಕೆ ಹಲವು ಬಾರಿ ತಲುಪಬೇಕಾದವರಿಗೆ ತಲುಪುವುದಿಲ್ಲ ಎಂಬುದು ಇಂದಿನ ವಿಷಯ. ಅದಕ್ಕೂ ಈ ಮಳೆಗೂ ಸಂಬಂಧವಿದೆ.

ನಾನು ಮಾರ್ಕೆಟಿಂಗ್ ವಿದ್ಯಾರ್ಥಿನಿ. ಬ್ರಿಟನ್ನಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ಪದವಿಯ ಕೊನೆಯ ವರ್ಷಕ್ಕೆ ಮೊದಲು ಒಂದು ಪೂರ್ಣ ವರ್ಷ ಯಾವುದಾದರೂ ಸಂಸ್ಥೆಯಲ್ಲಿ ಕೆಲಸ ಮಾಡುವ ವ್ಯವಸ್ಥೆಯಿದ್ದು, ಅದನ್ನು ‘ಪ್ಲೇಸ್‌ಮೆಂಟ್ ಇಯರ್’ ಎನ್ನುತ್ತಾರೆ. ನಮ್ಮಲ್ಲಿ ಪ್ಲೇಸ್‌ಮೆಂಟ್ ಎಂದರೆ ಓದು ಮುಗಿಯುವ ಹೊತ್ತಿಗೆ ಸಿಗುವ ನೌಕರಿ. ಓದಿನ ನಡುವೆ ಮಾಡುವ ಕೆಲಸಕ್ಕೆ ಇಂಟರ್ನ್‌ಶಿಪ್ ಎಂಬ ಹೆಸರು, ಅದರ ಆಯುಷ್ಯ ಸಾಮಾನ್ಯವಾಗಿ ಕೆಲವು ವಾರ. ಎಂಟು ವಾರಕ್ಕೆಂದು ಕಾರವಾರದ ಒಂದು ಜಿಮ್‌ಗೆ ಸೇರಿದ ನಾನು, ಆಮೇಲೆ ಸಂಜೆಗಳಲ್ಲಿ ಹೋಗುತ್ತ ಅಲ್ಲಿಯೇ ವರ್ಷ ತುಂಬಿಸಿದೆ. ಎಂಟೇ ವಾರಕ್ಕೆ ಬಿಟ್ಟಿದ್ದರೆ ಮಳೆಗಾಲವನ್ನು ನೋಡುತ್ತಲೇ ಇರಲಿಲ್ಲ.

(ದೃಶ್ಯ: ಫ್ಲೆಕ್ಸ್ ಮುದ್ರಣದ ಅಂಗಡಿ.)

ಜನವರಿಯ ಮೊದಲ ವಾರ ನನಗೆ ವಹಿಸಿದ ಮೊದಲ ಕೆಲಸ, ಮಹಿಳೆಯರಿಗಾಗಿ ಒಂದು ಫ್ಲೆಕ್ಸ್ ಮಾಡಿಸುವುದು. “ನೋಡು ತಂಗಿ, ಗುಲಾಬಿ ಬಣ್ಣ ಇರಲಿ, ಸಪೂರ ಸೊಂಟದ ಫೋಟೊ ಇರಲಿ, ಮೂರು ತಿಂಗಳಲ್ಲಿ ಹತ್ತು ಕಿಲೊ ಗ್ಯಾರಂಟಿ ಅಂತ ದೊಡ್ಡದಾಗಿ ಬರೆಸು” ಎಂದರು ಮಾಲೀಕರು. ಅವರು ದುರುದ್ದೇಶದಿಂದ ಹೇಳಿದ ಮಾತಲ್ಲ ಅದು. ಬೆಂಗಳೂರಿನ ಜಿಮ್‌ಗಳ ರೀಲ್ಸ್ ನೋಡಿ ಕಲಿತ ಪಾಠವನ್ನು ನನಗೆ ಒಪ್ಪಿಸಿದರು, ಅಷ್ಟೇ. ಆದರೆ ‘ಗ್ಯಾರಂಟಿ’ ಎಂಬ ಪದವನ್ನು ನಾನು ತೆಗೆಸಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಯವರೆಗೆ, ಪುನರಾವರ್ತನೆಯಾದರೆ 50 ಲಕ್ಷದವರೆಗೆ ದಂಡ ವಿಧಿಸಲು ಅವಕಾಶವಿದೆ. ಭಾರತೀಯ ಜಾಹೀರಾತು ಗುಣಮಟ್ಟ ಮಂಡಳಿಯೂ 2022ರಲ್ಲಿ, ಹಾನಿಕರವಾದ ಲಿಂಗಾಧಾರಿತ ಪಡಿಯಚ್ಚುಗಳನ್ನು ಕುರಿತು ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿದೆ. ದಂಡದ ಮೊತ್ತ ಕೇಳಿದ ಮೇಲೆ ಮಾಲೀಕರು ವಾದಿಸಲಿಲ್ಲ. ಗುಲಾಬಿ ಬಣ್ಣ ಮಾತ್ರ ಉಳಿಯಿತು.

ಇಂಥ ಜಾಹೀರಾತಿನ ಕೆಲಸದ ಕ್ರಮ ಸರಳವಾದುದು. ಮೊದಲು ನೋಡುವವಳಿಗೆ ತನ್ನ ಮೈಯ ಬಗ್ಗೆ ಒಂದು ಕೊರತೆಯನ್ನು ನೆನಪಿಸಬೇಕು, ಬಳಿಕ ಆ ಕೊರತೆಗೆ ಗಡುವು ಹಾಕಬೇಕು, ಕೊನೆಗೆ ಗಡುವಿನೊಳಗೆ ಸೇರಿದವರಿಗೆ ರಿಯಾಯಿತಿ ಕೊಡಬೇಕು. ಮದುವೆ ನಿಶ್ಚಯವಾದವಳಿಗೆ ಒಂದು ಪ್ಯಾಕೇಜು, ಬಾಣಂತನ ಮುಗಿಸಿದವಳಿಗೆ ಇನ್ನೊಂದು, ಮಾರ್ಚ್ 8ರಂದು ಎಲ್ಲರಿಗೂ ಮತ್ತೊಂದು. ಇದು ಹಣ ಕಟ್ಟಿಸುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಹಣ ಕಟ್ಟಿದವರು ಬರುತ್ತಾರೆಯೇ? ಅಮೆರಿಕದ ಮೂರು ಜಿಮ್‌ಗಳ ಹಾಜರಿಯನ್ನು ಇಬ್ಬರು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಿಂಗಳಿಗೆ 70 ಡಾಲರಿಗೂ ಹೆಚ್ಚು ಶುಲ್ಕ ಕಟ್ಟುತ್ತಿದ್ದ ಸದಸ್ಯರು ತಿಂಗಳಿಗೆ ಸರಾಸರಿ 4.3 ಬಾರಿ ಮಾತ್ರ ಜಿಮ್‌ಗೆ ಬರುತ್ತಿದ್ದರು. ಹತ್ತು ಭೇಟಿಯ ಪಾಸ್ ಕೊಂಡಿದ್ದರೆ ಭೇಟಿಯೊಂದಕ್ಕೆ 10 ಡಾಲರ್ ಆಗುತ್ತಿದ್ದ ಕಡೆ ಅವರು 17 ಡಾಲರಿಗೂ ಹೆಚ್ಚು ತೆತ್ತಿದ್ದರು. ಸೇರುವ ದಿನದ ಹುಮ್ಮಸ್ಸನ್ನೇ ನಂಬಿ ಮುಂದಿನ ತಿಂಗಳುಗಳನ್ನು ಅಳೆಯುವುದು ಗಂಡಸರಿಗೂ ಹೆಂಗಸರಿಗೂ ಸಮಾನವಾದ ದೌರ್ಬಲ್ಯ. ವಾರ್ಷಿಕ ಪ್ಯಾಕೇಜುಗಳು ನಿಂತಿರುವುದು ಅದರ ಮೇಲೆ.

ಜಾಹೀರಾತನ್ನಲ್ಲದೆ ಜಿಮ್ಮನ್ನೇ ಬದಲಿಸಿದವರೂ ಇದ್ದಾರೆ. 1992ರಲ್ಲಿ ಟೆಕ್ಸಾಸಿನ ಹಾರ್ಲಿಂಜೆನ್ ಎಂಬ ಊರಿನಲ್ಲಿ ಆರಂಭವಾದ ‘ಕರ್ವ್ಸ್’ ಮಹಿಳೆಯರಿಗೆ ಮಾತ್ರ ಮೀಸಲಾದ ಜಿಮ್. ಯಂತ್ರಗಳನ್ನು ವೃತ್ತಾಕಾರದಲ್ಲಿ ಜೋಡಿಸಿ, ಅರ್ಧ ಗಂಟೆಯಲ್ಲಿ ವ್ಯಾಯಾಮ ಮುಗಿಯುವಂತೆ ಮಾಡಿ, ಗೋಡೆಯ ಕನ್ನಡಿಗಳನ್ನು ತೆಗೆದ ಕಾರಣಕ್ಕೇ ಅದು ಹೆಸರಾಯಿತು. 2015ರಲ್ಲಿ ಇಂಗ್ಲೆಂಡಿನ ಕ್ರೀಡಾ ಸಂಸ್ಥೆ ಸ್ಪೋರ್ಟ್ ಇಂಗ್ಲೆಂಡ್ ಆರಂಭಿಸಿದ ‘ದಿಸ್ ಗರ್ಲ್ ಕ್ಯಾನ್’ ಅಭಿಯಾನವು, ನೋಡಿದವರು ಏನೆಂದುಕೊಂಡಾರು ಎಂಬ ಅಂಜಿಕೆಯೇ ಮಹಿಳೆಯರನ್ನು ವ್ಯಾಯಾಮದಿಂದ ದೂರ ಇಡುತ್ತಿದೆ ಎಂಬ ತಿಳಿವಳಿಕೆಯ ಮೇಲೆ ರೂಪುಗೊಂಡಿತ್ತು. ಅದರ ಚಿತ್ರಗಳಲ್ಲಿ ಬೆವರು, ಏದುಸಿರು, ಕುಣಿಯುವ ಹೊಟ್ಟೆ ಎಲ್ಲವೂ ಇದ್ದಹಾಗೇ ಇದ್ದವು.

(ದೃಶ್ಯ: ಜಿಮ್‌ನ ಕೌಂಟರ್, ಹಾಜರಿ ಪುಸ್ತಕ, ಫೋನ್.)

ಕಾರವಾರದಲ್ಲಿ ಅಡ್ಡಿಯಾಗಿದ್ದುದು ಅಂಜಿಕೆಯೊಂದೇ ಅಲ್ಲ. ಏಪ್ರಿಲ್‌ನಲ್ಲಿ ನಾನು ಸದಸ್ಯತ್ವ ನವೀಕರಿಸದ ಮಹಿಳೆಯರಿಗೆ ಒಬ್ಬೊಬ್ಬರಾಗಿ ಫೋನ್ ಮಾಡಿದೆ. ತೂಕ ಇಳಿಯಲಿಲ್ಲ ಎಂದು ಬಿಟ್ಟವರಿಗಿಂತ, ವೇಳೆ ಹೊಂದಲಿಲ್ಲ ಎಂದು ಬಿಟ್ಟವರೇ ಹೆಚ್ಚಾಗಿ ಸಿಕ್ಕರು. ನಮ್ಮ ‘ಲೇಡೀಸ್ ಬ್ಯಾಚ್’ ಇದ್ದುದು ಬೆಳಿಗ್ಗೆ ಹನ್ನೊಂದರಿಂದ ಒಂದರವರೆಗೆ. ಆ ಹೊತ್ತಿನಲ್ಲಿ ಅಕ್ಕೋರು ಶಾಲೆಯಲ್ಲಿರುತ್ತಾರೆ, ಬ್ಯಾಂಕಿನವರು ಕೌಂಟರಿನಲ್ಲಿರುತ್ತಾರೆ, ಮೀನು ಮಾರುವ ಹೆಂಗಸರು ಮಾರುಕಟ್ಟೆಯಲ್ಲಿರುತ್ತಾರೆ. ಆ ವೇಳೆಯನ್ನು ಆರಿಸಿದ್ದೇಕೆ ಎಂದು ಕೇಳಿದರೆ, ಗಂಡಸರು ಬಾರದ ಹೊತ್ತು ಅದೊಂದೇ ಎಂಬ ಉತ್ತರ ಬಂತು. ಗಂಡಸರಿಗೆ ಬಡಿಸಿ ಉಳಿದ ಎರಡು ಗಂಟೆಯನ್ನು ಗುಲಾಬಿ ಕಾಗದದಲ್ಲಿ ಸುತ್ತಿ ಕೊಟ್ಟಿದ್ದೆವು. ಸಂಜೆಯ ವೇಳೆಗೂ ಒಂದು ಮಿತಿಯಿತ್ತು. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ಸರಕಾರಿ ಬಸ್ಸಿನಲ್ಲಿ ಮಹಿಳೆಯರಿಗೆ ಟಿಕೆಟ್ಟಿನ ಖರ್ಚಿಲ್ಲವಾದರೂ, ಹಳ್ಳಿಯ ಕಡೆಗೆ ಹೋಗುವ ಬಸ್ಸು ತಪ್ಪಿದರೆ ಮುಂದಿನದಕ್ಕೆ ಕಾಯುವ ಕಷ್ಟ ಹಾಗೆಯೇ ಉಳಿದಿದೆ. ಬಸ್ಸಿನ ವೇಳೆಯನ್ನು ನೋಡದೆ ಬ್ಯಾಚಿನ ವೇಳೆ ಹಾಕಿದರೆ ಪ್ರಯೋಜನವಿಲ್ಲ.

ಭಾರ ಎತ್ತುವ ವಿಷಯದಲ್ಲಿ ನಾವು ಕೊಡುತ್ತಿದ್ದ ಮಾಹಿತಿಯೂ ಅರೆಬರೆಯಾಗಿತ್ತು. ಮಹಿಳೆಯರಿಗೆ ಟ್ರೆಡ್‌ಮಿಲ್ ಮತ್ತು ಜುಂಬಾ, ಗಂಡಸರಿಗೆ ಡಂಬೆಲ್ ಎಂಬ ಹಂಚಿಕೆ ನಮ್ಮ ಕರಪತ್ರದಲ್ಲೇ ಇತ್ತು. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆಯ ಜೊತೆಗೆ ಕನಿಷ್ಠ ಎರಡು ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದಾಗ, ಹೆಣ್ಣು ಗಂಡೆಂಬ ಭೇದ ಮಾಡಲಿಲ್ಲ. ಭಾರ ಎತ್ತಿದರೆ ಗಂಡಸರ ಹಾಗೆ ಮೈ ಬಂದೀತೆಂದು ಹೆದರುವವರಿಗೆ ನಾನು ಮೀರಾಬಾಯಿ ಚಾನು ಅವರ ಚಿತ್ರ ತೋರಿಸುತ್ತಿದ್ದೆ. ಟೋಕಿಯೊ ಒಲಿಂಪಿಕ್ಸ್‌ನ 49 ಕೆ.ಜಿ. ವಿಭಾಗದಲ್ಲಿ ಒಟ್ಟು 202 ಕೆ.ಜಿ. ಎತ್ತಿ ಅವರು ಬೆಳ್ಳಿ ಗೆದ್ದರು. ಮೀನಿನ ಬುಟ್ಟಿ ತಲೆಯ ಮೇಲೆ ಹೊತ್ತು ಮನೆ ಮನೆ ತಿರುಗುವವರ ಊರಿನಲ್ಲಿ ಹೆಂಗಸರಿಗೆ ಭಾರ ಒಗ್ಗದು ಎಂದು ಕರಪತ್ರ ಹಂಚಿದ್ದು ನೆನೆದರೆ ನನಗೆ ಈಗಲೂ ನಗು ಬರುತ್ತದೆ.

(ದೃಶ್ಯ: ಶಿರಸಿ ಸಮೀಪದ ಅಡಿಕೆ ತೋಟ, ಅಂಗಳದಲ್ಲಿ ಹಸಿ ಅಡಿಕೆಯ ರಾಶಿ.)

ಇನ್ನು ತಿಂಗಳುಗಳ ಲೆಕ್ಕ. ನನ್ನ ಮನೆ ಶಿರಸಿಯ ಹತ್ತಿರದ ಹಳ್ಳಿಯಲ್ಲಿದೆ. ಜನವರಿಯ ಆಫರನ್ನು ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಹಾಕಿದ ರಾತ್ರಿಯೇ ಆಯಿ ಫೋನ್ ಮಾಡಿ, “ಈಗ ಕೊನೆಕೊಯ್ಲು, ಅಡಿಕೆ ಸುಲಿಯುವುದು ಬಿಟ್ಟು ನಿನ್ನ ಜಿಮ್ಮಿಗೆ ಯಾರು ಬರುತ್ತಾರೆ?” ಎಂದು ಕೇಳಿದಳು. ಹೊಸ ವರ್ಷದ ಸಂಕಲ್ಪವೆಂಬುದು ನಗರದ ಪಂಚಾಂಗ. ಘಟ್ಟದ ಮೇಲಿನ ಅಡಿಕೆ ಮನೆಗಳಲ್ಲಿ ಹೆಂಗಸರಿಗೆ ಬಿಡುವೇ ಇಲ್ಲದ ತಿಂಗಳು ಜನವರಿ. ಕರಾವಳಿಯಲ್ಲಿ ಕಡಲತೀರವೇ ಪುಕ್ಕಟೆ ಜಿಮ್ ಆಗಿರುವ ತಿಂಗಳೂ ಅದೇ. ನಡಿಗೆಯವರಿಗೆ ಸೂರು ಬೇಕಾಗುವುದು ಜೂನ್‌ನಲ್ಲಿ. ಆ ಹೊತ್ತಿಗೆ ನಮ್ಮ ಜಾಹೀರಾತಿನ ಹಣ ಮುಗಿದಿರುತ್ತಿತ್ತು.

ನಾವು ಮಾಡಿದ್ದು ಇಷ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳು ತಿಂಗಳಿಗೆ ಕಟ್ಟುವ ಮಳೆಗಾಲದ ಪಾಸ್ ತೆಗೆದೆವು. ವಾರಕ್ಕೆ ಎರಡು ಸಂಜೆ, ಐದೂವರೆಯಿಂದ ಆರೂಮುಕ್ಕಾಲು ಗಂಟೆಯವರೆಗೆ, ಮಹಿಳೆಯರಿಗೆ ಮಾತ್ರ ಎಂದು ಬೋರ್ಡು ಹಾಕಿದೆವು. ಕೆಲವು ಹುಡುಗರು ಮುನಿಸಿಕೊಂಡು ಬೇರೆ ಜಿಮ್‌ಗೆ ಹೋದರು. ಒದ್ದೆ ಕೊಡೆಗಳನ್ನು ಇಡಲು ಬಾಗಿಲ ಬಳಿ ಒಂದು ಪ್ಲಾಸ್ಟಿಕ್ ಡ್ರಮ್ ಇಟ್ಟೆವು. ಇಡೀ ವರ್ಷದಲ್ಲಿ ಸದಸ್ಯರು ತಾವಾಗಿ ಹೊಗಳಿದ್ದು ಅದೊಂದನ್ನೇ.

ಅಕ್ಟೋಬರ್‌ನಲ್ಲಿ ಆಕಾಶ ತಿಳಿಯಾಯಿತು. ಪಾಸ್ ಪಡೆದವರಲ್ಲಿ ಹಲವರು ಮತ್ತೆ ಮರಳಿನ ಮೇಲೆ ನಡೆಯತೊಡಗಿದರು, ಕೆಲವರು ಭಾರ ಎತ್ತುವುದು ರೂಢಿಯಾಗಿ ಉಳಿದರು. ಹೋದವರನ್ನು ಹಿಂದೆ ಕರೆಸಲು ಏನು ಆಫರ್ ಕೊಡೋಣ ಎಂದು ಮಾಲೀಕರು ಕೇಳಿದರು. ಏನೂ ಬೇಡ ಸರ್, ಮೇ ಕೊನೆಯ ವಾರ ಅವರಿಗೆ ಒಂದು ಮೆಸೇಜು ಕಳಿಸಿದರೆ ಸಾಕು ಎಂದೆ. ಅವರು ಗೋಡೆಯ ಕ್ಯಾಲೆಂಡರಿನಲ್ಲಿ ಮೇ ತಿಂಗಳನ್ನು ಹುಡುಕಿದರು. ಮುಂದಿನ ವರ್ಷದ ಕ್ಯಾಲೆಂಡರ್ ಇನ್ನೂ ಬಂದಿರಲಿಲ್ಲ.