ಹೋ ಹೋ ಬಸ್ ಇಲ್ಲದ ಬೀದರಿನಲ್ಲಿ ಅವ್ವನ ಝೀರೋ ಟಿಕೆಟ್

ಎಲ್ಲರಿಗೂ ನಮಸ್ಕಾರ. ಈಗ ಕಾಣುತ್ತಿರುವುದು ಕಲಬುರಗಿ ಬಸ್ ಸ್ಟ್ಯಾಂಡ್, ಬೆಳಗಿನ ಆರೂ ಕಾಲು. ಚಿತ್ರ ಯಾಕಿಷ್ಟು ಅಲುಗಾಡುತ್ತಿದೆ ಅಂದರೆ ನನ್ನ ತಮ್ಮನ ಒಂದು ಕೈಯಲ್ಲಿ ಕ್ಯಾಮೆರಾ ಇದೆ, ಇನ್ನೊಂದು ಕೈಯಲ್ಲಿ ರೊಟ್ಟಿ ಬುತ್ತಿ ಇದೆ. ಮುಂದೆ ಬಿರಬಿರನೆ ಹೋಗುತ್ತಿದ್ದಾಳಲ್ಲ, ಹಸಿರು ಇಳಕಲ್ ಸೀರೆ, ಅವಳೇ ನಮ್ಮ ಅವ್ವ. ಇವತ್ತಿನ ಗೈಡ್, ಮ್ಯಾನೇಜರ್, ಖಜಾಂಚಿ ಎಲ್ಲಾ ಅವಳೇ.

ಹದಿನೈದು ದಿನದ ಹಿಂದೆ ಮನೆಯಲ್ಲಿ ಯಾರದೋ ವಿದೇಶ ಪ್ರವಾಸದ ವಿಡಿಯೋ ನೋಡುತ್ತಿದ್ದೆವು. ಛಾವಣಿ ಇಲ್ಲದ ಎರಡಂತಸ್ತಿನ ಬಸ್. ಬೆಳಿಗ್ಗೆ ಒಂದು ಟಿಕೆಟ್ ತಗೊಂಡರೆ ಮುಗೀತು, ದಿನವಿಡೀ ಎಲ್ಲಿ ಬೇಕೋ ಅಲ್ಲಿ ಇಳಿ, ನೋಡು, ಸಾಕಾದರೆ ಹಿಂದೆ ಬರುವ ಬಸ್ ಹತ್ತು. ಕಿವಿಗೆ ಇಯರ್‌ಫೋನ್ ಹಾಕಿಕೊಂಡರೆ ಊರಿನ ಕಥೆಯೂ ಕೇಳುತ್ತದೆ. ಹಾಪ್ ಆನ್ ಹಾಪ್ ಆಫ್ ಅನ್ನುತ್ತಾರೆ. ದಿಲ್ಲಿಯಲ್ಲಿ 2010ರಲ್ಲಿ, ಕಾಮನ್‌ವೆಲ್ತ್ ಗೇಮ್ಸ್ ಹೊತ್ತಿಗೆ ಇಂಥದ್ದು ಶುರುವಾದಾಗ ಹೆಸರು ಮೊಟಕು ಮಾಡಿ ಹೋ ಹೋ ಬಸ್ ಅಂದರು. ನಾನು ಇದನ್ನು ಹೇಳಿದ್ದೇ ತಡ, ಅವ್ವ ಸೆರಗು ಬಾಯಿಗೆ ಇಟ್ಟುಕೊಂಡು ನಗೋಕೆ ಶುರು ಮಾಡಿದಳು. "ಹೋ ಹೋ ಅಂದ್ರ ಎತ್ತು ನಿಂದ್ರಸ್ಲಕ್ಕ ಹೇಳೋದಲ್ಲೇನs?"

ಮೈಸೂರಿನಲ್ಲಿ ಅಂಬಾರಿ ಅಂತ ಎರಡಂತಸ್ತಿನ ಬಸ್ ಇದೆ. ನಮ್ಮ ಕಡೆ ಯಾವಾಗ ಬರುತ್ತೋ ಅಂತ ತಮ್ಮ ಗೊಣಗಿದ. ಅದಕ್ಕೆ ಅವ್ವ ತನ್ನ ಪರ್ಸಿನಿಂದ ಆಧಾರ್ ಕಾರ್ಡ್ ತೆಗೆದು ಟೇಬಲ್ ಮೇಲೆ ಇಟ್ಟಳು. "ನಂದು ಈಗೇ ಅದ."

ಯೋಚನೆ ಮಾಡಿದರೆ ಹೌದಲ್ವಾ! 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗಿನಿಂದ ರಾಜ್ಯದ ಹೆಣ್ಣುಮಕ್ಕಳು ಸರಕಾರಿ ಸಾಮಾನ್ಯ ಬಸ್ಸು, ಎಕ್ಸ್‌ಪ್ರೆಸ್ಸು, ಸಿಟಿ ಬಸ್ಸು ಎಲ್ಲದರಲ್ಲೂ ಝೀರೋ ಟಿಕೆಟ್ ತಗೊಂಡು ಓಡಾಡಬಹುದು. ಹತ್ತು, ಇಳಿ, ಮತ್ತೆ ಹತ್ತು, ಯಾರೂ ಕೇಳಲ್ಲ. ಎಸಿ, ಸ್ಲೀಪರ್, ರಾಜಹಂಸದಂಥ ಐಷಾರಾಮಿ ಬಸ್ ಮಾತ್ರ ಇಲ್ಲ. ತಮ್ಮ ಗಂಡಸಾಗಿ ಹುಟ್ಟಿದ ತಪ್ಪಿಗೆ ಪ್ರತಿ ಸಲ ದುಡ್ಡು ಕೊಡಬೇಕು. ಅವನ ಮುಖ ಈ ವಿಡಿಯೋದಲ್ಲಿ ಆಗಾಗ ಬರುತ್ತದೆ, ಗಮನಿಸಿ.

ಹಾಗಾಗಿ ಬೀದರ. 110 ಕಿಲೋಮೀಟರ್ ಆಸುಪಾಸು. 2017ರಿಂದ ರೈಲೂ ಇದೆ, ಆದರೆ ರೈಲು ನಾವು ಹೇಳಿದಲ್ಲಿ ನಿಲ್ಲಲ್ಲ. ಅವ್ವನಿಗೆ ಅರವತ್ತು ದಾಟಿದೆ, ಕಾಶಿಗೆ ಹೋಗಿ ಬಂದಿದ್ದಾಳೆ, ಪಕ್ಕದ ಬೀದರ ಮಾತ್ರ ನೋಡಿಲ್ಲ.

ಕಮಲಾಪುರ ದಾಟಿದೆವು, ಹುಮನಾಬಾದಿನಲ್ಲಿ ಚಹಾ ಕುಡಿದೆವು. ಈ ಭಾಗ ಫಾಸ್ಟ್ ಫಾರ್ವರ್ಡ್ ಮಾಡಿದ್ದೇನೆ, ತೊಗರಿ ಹೊಲ ನೋಡಿ ಸಾಕು.

ಮೊದಲನೇ ಸ್ಟಾಪು ನೌಬಾದ. ಬೀದರ ಊರೊಳಗೆ ಹೋಗುವ ಮುಂಚೆಯೇ ಸಿಗುತ್ತದೆ. ಕಂಡಕ್ಟರ್‌ಗೆ ಆಶ್ಚರ್ಯ. "ಬೀದರ ಟಿಕೆಟ್ ತಗೊಂಡ್ ಇಲ್ಲೇ ಇಳಿಲಾಕತ್ತೀರಲ್ರೀ?" ಅವ್ವ ಹೇಳಿದಳು, "ಬಾವಿ ನೋಡ್ಲಕ್ಕ ಬಂದೀವ್ರಿ." ಇಡೀ ಬಸ್ ತಿರುಗಿ ನೋಡಿತು.

ಬಾವಿ ಅಂದರೆ ಕರೇಜ್. ಸುರಂಗ ಬಾವಿ ಅಂತಲೂ ಕರೆಯುತ್ತಾರೆ. ಮೇಲಿಂದ ನೋಡಿದರೆ ಸಾಲಾಗಿ ಗುಂಡಿಗಳು, ಅಷ್ಟೇ. ನಮ್ಮ ತಮ್ಮ "ಇದಾ?" ಅಂದ. ತಾಳಪ್ಪಾ. ಬೀದರ ಇರುವುದು ಕೆಂಪು ಮುರಕಲ್ಲಿನ ದಿಬ್ಬದ ಮೇಲೆ. ಈ ಕಲ್ಲು ಸ್ಪಂಜಿನ ಹಾಗೆ, ಮಳೆ ನೀರನ್ನು ಒಳಗೆ ಇಳಿಸಿಕೊಳ್ಳುತ್ತದೆ. ಕೆಳಗೆ ಗಟ್ಟಿ ಕಪ್ಪು ಕಲ್ಲು ಸಿಕ್ಕಾಗ ನೀರು ಮುಂದೆ ಇಳಿಯದೆ ಅಲ್ಲೇ ನಿಲ್ಲುತ್ತದೆ. ಅಲ್ಲಿಗೆ ಸರಿಯಾಗಿ ಒಂದು ಸುರಂಗ ಕೊರೆದು, ಸ್ವಲ್ಪವೇ ಇಳಿಜಾರು ಕೊಟ್ಟರೆ ನೀರು ತಾನಾಗಿ ಊರಿನ ಕಡೆ ಹರಿದು ಬರುತ್ತದೆ. ಮೋಟರ್ ಬೇಡ, ಹಗ್ಗ ಬೇಡ. ಮೇಲಿನ ಗುಂಡಿಗಳು ಗಾಳಿಗೆ, ಹೂಳು ತೆಗೆಯೋಕೆ. ಪರ್ಶಿಯಾದ ಈ ವಿದ್ಯೆ ಬಹಮನಿ ಸುಲ್ತಾನರ ಕಾಲದಲ್ಲಿ, 15ನೇ ಶತಮಾನದಲ್ಲಿ, ಇಲ್ಲಿಗೆ ಬಂತು. ಅವ್ವ ಗುಂಡಿಯ ಅಂಚಿನಲ್ಲಿ ನಿಂತು ಬಗ್ಗಿ ನೋಡಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಕತ್ತಲಾಗ ಇಳಿಜಾರು ಹೆಂಗ್ ಹಿಡದ್ರು?" ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾವ ಇಯರ್‌ಫೋನೂ ಇಂಥ ಪ್ರಶ್ನೆ ಕೇಳಲ್ಲ ಬಿಡಿ.

ಮತ್ತೆ ಬಸ್, ಮತ್ತೆ ಝೀರೋ ಟಿಕೆಟ್, ಮತ್ತೆ ತಮ್ಮನ ಮುಖ. ಬಸ್ ಸ್ಟ್ಯಾಂಡಿನಲ್ಲಿ ಇನ್ನೊಂದು ಹತ್ತಿ ಹಳೇ ಊರಿನ ಕಡೆ. ಪಕ್ಕದ ಸೀಟಿನಲ್ಲಿ ತರಕಾರಿ ಬುಟ್ಟಿ ಇಟ್ಟುಕೊಂಡಿದ್ದ ಒಬ್ಬ ಅಕ್ಕ ಅರ್ಧ ಕನ್ನಡ, ಅರ್ಧ ದಖನಿಯಲ್ಲಿ ಇಡೀ ಊರು ತೋರಿಸಿದರು. ಯಾವ ಓಣಿಯಲ್ಲಿ ಯಾವ ದರ್ಗಾ, ಎಲ್ಲಿ ಒಳ್ಳೇ ಮಿರ್ಚಿ ಸಿಗುತ್ತದೆ, ಯಾವ ಅಂಗಡಿಯವನು ತೂಕದಲ್ಲಿ ಮೋಸ ಮಾಡುತ್ತಾನೆ. ಆ ಕೊನೇ ಮಾಹಿತಿ ಕಟ್ ಮಾಡಿದ್ದೇನೆ.

ಇದು ಚೌಬಾರಾ. ನಾಲ್ಕು ರಸ್ತೆ ಕೂಡುವ ನಟ್ಟನಡುವೆ ದುಂಡಗಿನ ಕಲ್ಲಿನ ಗೋಪುರ, 71 ಅಡಿ ಎತ್ತರ. ಒಂದು ಕಾಲಕ್ಕೆ ಇದರ ಮೇಲೆ ನಿಂತು ಶತ್ರು ಬರುತ್ತಾನಾ ಅಂತ ನೋಡುತ್ತಿದ್ದರು. ಈಗ ಕೆಳಗೆ ನಿಂತು ಆಟೋ ಬರುತ್ತಾ ಅಂತ ನೋಡುತ್ತಾರೆ.

ಇಲ್ಲಿಂದ ಕೋಟೆ ಕಡೆ ನಡೆದರೆ ದಾರಿಯಲ್ಲೇ ಮಹಮೂದ್ ಗವಾನರ ಮದರಸಾ. ನಾನು ಬೀದರಿನಲ್ಲಿ ಯಾವುದಾದರೂ ಒಂದನ್ನೇ ನೋಡಿ ಅಂತ ಹೇಳಬೇಕಾದರೆ ಇದನ್ನೇ ಹೇಳುತ್ತೇನೆ, ಕೋಟೆಯವರು ಬೇಜಾರಾಗಬೇಡಿ. 1472ರಲ್ಲಿ ಕಟ್ಟಿದ್ದು. ಇರಾನಿನ ಗಿಲಾನ್ ಕಡೆಯಿಂದ ಬಂದ ವ್ಯಾಪಾರಿ ಬಹಮನಿ ರಾಜ್ಯದ ದೊಡ್ಡ ಮಂತ್ರಿಯಾದ. ದುಡಿದದ್ದನ್ನು ತಂದು ಮೂರಂತಸ್ತಿನ ಕಾಲೇಜು ಕಟ್ಟಿದ. ಒಳಗೆ ಓದೋ ಕೋಣೆ, ಗ್ರಂಥಾಲಯ, ಹುಡುಗರು ಉಳಿಯೋ ಕೋಣೆ. ಈ ನೀಲಿ ಹೆಂಚು ನೋಡಿ, ಜೂಮ್ ಮಾಡಿದ್ದೇನೆ. ಮಿನಾರಿನ ಮೇಲೆ ಅಂಕುಡೊಂಕು ಪಟ್ಟಿ, ಅಲ್ಲಲ್ಲಿ ಉದುರಿದೆ, ಉಳಿದಿರುವುದು ಮೊನ್ನೆ ತೊಳೆದ ಹಾಗಿದೆ. ಎರಡು ಮಿನಾರ್ ಇದ್ದವು, ಒಂದೇ ಉಳಿದಿದೆ. ಔರಂಗಜೇಬನ ಕಾಲದಲ್ಲಿ ಇಲ್ಲಿ ಸಿಡಿಮದ್ದಿನ ಪುಡಿ ಇಟ್ಟಿದ್ದರು, ಅದು ಸಿಡಿದು ಮುಂಭಾಗದ ಅರ್ಧ ಹಾರಿಹೋಯಿತು. ಪುಸ್ತಕ ಇದ್ದ ಜಾಗದಲ್ಲಿ ಮದ್ದು.

ಗವಾನರ ಕಥೆಯೂ ಹಾಗೇ ಮುಗಿಯಿತು. ಆಗದವರು ಅವರ ಮುದ್ರೆ ಹಾಕಿದ ಸುಳ್ಳು ಪತ್ರ ಬರೆದು, ಒಡಿಶಾದ ರಾಜನ ಜೊತೆ ಸೇರಿ ಸಂಚು ಮಾಡಿದ್ದಾರೆ ಅಂತ ಸುಲ್ತಾನನಿಗೆ ತೋರಿಸಿದರು. 1481ರಲ್ಲಿ ತಲೆ ತೆಗೆಸಿದ. ನಿಜ ಗೊತ್ತಾದ ಮೇಲೆ ಕೊರಗಿದ, ಮರುವರ್ಷ ತಾನೂ ಹೋದ. ಅವ್ವ ಮೆಟ್ಟಿಲ ಮೇಲೆ ಕೂತು ಇದನ್ನು ಕೇಳಿ ಹೇಳಿದಳು, "ಫಾರ್ವರ್ಡ್ ಮೆಸೇಜ್ ಆವಾಗ್ಲೂ ಇದ್ವು ಅನ್ನು."

ಇಲ್ಲಿ ಒಂದು ಸದ್ದು ಕೇಳಿಸುತ್ತಿದೆ ಅಲ್ವಾ? ಅದು ನನ್ನ ಮೈಕ್ ದೋಷ ಅಲ್ಲ. ಬೀದರಿನಲ್ಲಿ ವಾಯುಪಡೆಯ ನೆಲೆ ಇದೆ, ಪೈಲಟ್‌ಗಳ ತರಬೇತಿ ನಡೆಯುತ್ತದೆ. ವಿಮಾನ ಹೋಗುವವರೆಗೆ ಬಾಯಿ ಮುಚ್ಚಿಕೊಂಡು ನಿಂತು ಮತ್ತೆ ಶುರು ಮಾಡಬೇಕು. ಮೂರು ಸಲ ಹಾಗಾಯಿತು.

ಗಲ್ಲಿಯಲ್ಲಿ ಕುಟ್ ಕುಟ್ ಸದ್ದು ಕೇಳಿ ಒಂದು ಬಿದ್ರಿ ಕೆಲಸದ ಕೋಣೆಗೆ ನುಗ್ಗಿದೆವು. ಇದು ಪ್ಲಾನಿನಲ್ಲಿ ಇರಲೇ ಇಲ್ಲ. ಸತು ಜಾಸ್ತಿ, ತಾಮ್ರ ಸ್ವಲ್ಪ ಸೇರಿಸಿ ಎರಕ ಹೊಯ್ದ ಹೂಜಿ, ಅದಕ್ಕೆ ಮೈಲುತುತ್ತ ಸವರಿ ಸದ್ಯಕ್ಕೆ ಕಪ್ಪು ಮಾಡಿಕೊಳ್ಳುತ್ತಾರೆ, ಗೆರೆ ಕಾಣಲಿ ಅಂತ. ಉಳಿಯಿಂದ ಹೂಬಳ್ಳಿ ಕೊರೆದು, ಆ ಸಂದಿಯಲ್ಲಿ ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಉಜ್ಜಿದ ಮೇಲೆ ಎಲ್ಲವೂ ಬಿಳಿ, ಬೆಳ್ಳಿ ಯಾವುದು ಸತು ಯಾವುದು ಗೊತ್ತೇ ಆಗಲ್ಲ. ಆಮೇಲೆ ಬರುತ್ತದೆ ಕೋಟೆಯ ಮಣ್ಣು. ಬಿಸಿಲು ಮಳೆ ತಾಗದ ಹಳೇ ಗೋಡೆ ಹತ್ತಿರದ ಮಣ್ಣೇ ಆಗಬೇಕು. ನವಸಾಗರ ಸೇರಿಸಿ, ಬಿಸಿ ಮಾಡಿ, ಪಾತ್ರೆಗೆ ಹಚ್ಚಿದರೆ ಸತು ಕಾಡಿಗೆ ಹಾಗೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ. ಮಣ್ಣು ಸರಿಯಾ ಅಂತ ಹೇಗೆ ಗೊತ್ತಾಗುತ್ತೆ ಕಾಕಾ ಅಂತ ಕೇಳಿದೆ. ಅವರು ಚಿಟಿಕೆ ಮಣ್ಣು ನಾಲಿಗೆ ಮೇಲೆ ಇಟ್ಟು ತೋರಿಸಿದರು. ರುಚಿ ನೋಡಿ! ಬಿದ್ರಿಗೆ 2006ರಲ್ಲಿ ಜಿಐ, ಅಂದರೆ ಈ ಊರಿನದೇ ಕಲೆ ಅನ್ನೋ ಗುರುತು ಸಿಕ್ಕಿತು, ಇದೇ ಊರಿನ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ನಾವು ಒಂದು ಸಣ್ಣ ಕುಂಕುಮದ ಭರಣಿ ತಗೊಂಡೆವು. ಅವ್ವ ಚೌಕಾಸಿ ಮಾಡಲಿಲ್ಲ. ನಾನು ಹುಟ್ಟಿದಾಗಿನಿಂದ ಇದೇ ಮೊದಲು.

ಕೋಟೆ. ಇಲ್ಲಿ ಮುರಕಲ್ಲನ್ನೇ ಕಡಿದು ಮೂರು ಸಾಲು ಕಂದಕ ಮಾಡಿದ್ದಾರೆ, ನಡುವೆ ಬಿಟ್ಟ ಬಂಡೆಯೇ ಗೋಡೆ. ಬಹಮನಿ ಸುಲ್ತಾನ ಅಹ್ಮದ್ ಶಾ ವಲಿ ರಾಜಧಾನಿಯನ್ನು ನಮ್ಮ ಕಲಬುರಗಿಯಿಂದ ಇಲ್ಲಿಗೆ ಎತ್ತಿಕೊಂಡು ಬಂದ. ಕಲಬುರಗಿಯವರಾಗಿ ನಮಗೆ ಅದು ಇನ್ನೂ ಸ್ವಲ್ಪ ಸಿಟ್ಟೇ. ಸೋಲಾ ಕಂಬ ಮಸೀದಿ ನೋಡಿ, ಹೆಸರು ಹದಿನಾರು ಕಂಬ ಅಂತ, ಒಳಗೆ ಎಣಿಸಿದರೆ ಎಷ್ಟೋ ಜಾಸ್ತಿ. ರಂಗೀನ್ ಮಹಲ್‌ಗೆ ಬೀಗ ಹಾಕಿತ್ತು. ಕೀಲಿ ಇದ್ದವರು ಊಟಕ್ಕೆ ಹೋಗಿದ್ದರಂತೆ, ಮುಕ್ಕಾಲು ಗಂಟೆ ಕಾದೆವು, ಬರಲಿಲ್ಲ. ಒಳಗೆ ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ್ದಾರೆ. ಈಗ ತಾನೇ ನೋಡಿ ಬಂದ ಬಿದ್ರಿಯ ಅಣ್ಣನೋ ತಮ್ಮನೋ ಅನ್ನಿ, ಕಪ್ಪಿನಲ್ಲಿ ಬಿಳಿ. ಕಂಡಿದ್ದು ಬಾಗಿಲು ಮಾತ್ರ. ಮರದ ನೆರಳಲ್ಲಿ ಬುತ್ತಿ ಬಿಚ್ಚಿದೆವು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ.

ಅಷ್ಟೂರಿಗೆ ಬಸ್ಸಿಗೆ ಕಾಯಲಿಲ್ಲ, ಆಟೋ ಹಿಡಿದೆವು. ಇಲ್ಲಿ ಆಧಾರ್ ನಡೆಯಲ್ಲ, ಮೂವರಿಗೂ ದುಡ್ಡು. ತಮ್ಮನ ಮುಖ ನೋಡಿ, ಎಷ್ಟು ಖುಷಿ. ದಾರಿಯಲ್ಲಿ ಚೌಖಂಡಿ ಸಿಗುತ್ತದೆ, ಎಂಟು ಮೂಲೆಯ ಕಟ್ಟಡ, ಬಾಗಿಲ ಸುತ್ತ ಕಲ್ಲಿನಲ್ಲಿ ಬಳ್ಳಿಯಂತೆ ಹರಿದ ಅಕ್ಷರ. ಐದು ನಿಮಿಷ ನಿಂತೆವು.

ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಸಮಾಧಿಗಳು ಬಯಲಲ್ಲಿ ಸಾಲಾಗಿ ಕೂತಿವೆ. ಹುಮಾಯೂನನದು ಸಿಡಿಲು ಬಡಿದು ಸೀಳಿದೆ, ಒಡೆದ ತೆಂಗಿನಕಾಯಿ ಹಾಗೆ. ಅವನಿಗೆ ಜಾಲಿಮ್ ಅಂತ ಹೆಸರಿತ್ತು, ಅಂದರೆ ಕ್ರೂರಿ.

ಅಹ್ಮದ್ ಶಾ ವಲಿಯ ಗುಂಬಜಿನೊಳಗೆ ಕತ್ತಲು. ಕ್ಯಾಮೆರಾಗೆ ಏನೂ ಕಾಣಲ್ಲ, ಕ್ಷಮಿಸಿ. ನೋಡಿಕೊಳ್ಳುವ ಅಜ್ಜ ಬಾಗಿಲ ಹತ್ತಿರ ಒಂದು ಕನ್ನಡಿ ಹಿಡಿದು ಬಿಸಿಲನ್ನು ಮೇಲಕ್ಕೆ ತಿರುಗಿಸಿದರು. "ಅಮ್ಮಾ, ಊಪರ್ ದೇಖೋ." ಒಂದು ತುಂಡು ಬೆಳಕು ಛಾವಣಿ ಮೇಲೆ ತಿರುಗುತ್ತಾ ಹೋದ ಹಾಗೆ ಕೆಂಪು, ಬಂಗಾರ, ನೀಲಿ, ಹೂವು, ಅಕ್ಷರ, ಒಂದೊಂದೇ ಎದ್ದು ಮತ್ತೆ ಮುಳುಗಿದವು.

ಆಗ ಅವ್ವ ಕೇಳಿದಳು, "ಮಾಡಿಯಾಳದ ಜಂಗಮರು ಬರೋದು ಇಲ್ಲಿಗೇ ಏನ್ರಿ?"

ನನಗೆ ಗೊತ್ತೇ ಇರಲಿಲ್ಲ ಇದು. ಈ ಸುಲ್ತಾನನನ್ನು ಅಲ್ಲಮಪ್ರಭು ಅಂತಲೇ ನಂಬುವವರು ಇದ್ದಾರೆ. ಹೋಳಿ ಕಳೆದ ಮೇಲೆ ನಡೆಯುವ ಉರುಸಿಗೆ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ನಡೆದು ಬರುತ್ತಾರೆ, ಶಂಖ ಊದುತ್ತಾರೆ, ಕಾಯಿ ಒಡೆಯುತ್ತಾರೆ. ಅವ್ವನ ತವರು ಆಳಂದ ಕಡೆ. ಸಣ್ಣವಳಿದ್ದಾಗ ಆ ಗುಂಪು ಹೊರಡುವ ಸುದ್ದಿ ಮನೆಯಲ್ಲಿ ಆಡುತ್ತಿದ್ದರಂತೆ. ಎಲ್ಲಿಗೆ ಹೋಗುತ್ತಾರೆ ಅಂತ ಕೇಳಿದರೆ "ಬೀದರಕ್ಕ, ವಲಿ ಹಂತ್ಯಾಕ" ಅನ್ನುತ್ತಿದ್ದರಂತೆ. ಐವತ್ತು ವರ್ಷ ಆ ಮಾತು ಅವಳ ಹತ್ತಿರ ಇತ್ತು, ನಮಗೆ ಒಂದು ಸಲವೂ ಹೇಳಿರಲಿಲ್ಲ. ಅಜ್ಜ ಕನ್ನಡಿ ಕೆಳಗಿಟ್ಟರು, ಇಬ್ಬರೂ ಕಟ್ಟೆ ಮೇಲೆ ಕೂತರು. ಅವರು ದಖನಿಯಲ್ಲಿ, ಇವಳು ಕನ್ನಡದಲ್ಲಿ. ನಾನು ಕ್ಯಾಮೆರಾ ಆಫ್ ಮಾಡಿಸಿದೆ.

ಅರ್ಧ ಗಂಟೆಯಲ್ಲಿ ವಾಪಸ್ ಬರುತ್ತೇನೆ ಅಂದಿದ್ದ ಆಟೋದವನು ಬರಲೇ ಇಲ್ಲ, ಫೋನೂ ಎತ್ತಲಿಲ್ಲ. ಅವ್ವನಿಗೆ ಒಂಚೂರೂ ಚಿಂತೆ ಇಲ್ಲ. "ಹಿಂದಿನ ಬಸ್ಸಿಗಿ ಹೋದ್ರಾಯ್ತು, ಅದ್ಕs ಅಲ್ಲೇನು ನಿಮ್ ಹೋ ಹೋ?" ಬಸ್ಸೂ ಸಿಗಲಿಲ್ಲ. ಕೊನೆಗೆ ಒಂದು ಟಂಟಂ ಬಂತು, ಹನ್ನೊಂದು ಜನ, ಎರಡು ಮೇಕೆ, ನಾವು ಮೂವರು. ಬಸ್ ಸ್ಟ್ಯಾಂಡಿಗೆ ಹತ್ತಿರದ, ಬಹಮನಿಗಳ ನಂತರ ಆಳಿದ ಬರೀದ್ ಶಾಹಿಗಳ ಗೋರಿಗಳನ್ನು ಗೇಟಿನಿಂದಲೇ ನೋಡಿದೆವು. ಗುರುನಾನಕ್ ಝೀರಾ ಗುರುದ್ವಾರ, ನೀರು ತುಂಬಿದ ಗುಹೆಯೊಳಗಿನ ನರಸಿಂಹ ಝರಣಿ ಗುಡಿ ಎರಡೂ ಉಳಿದವು. ಎದೆಮಟ್ಟ ನೀರಿನಲ್ಲಿ ನಡೆಯೋಕೆ ಇಳಕಲ್ ಸೀರೆ ಉಟ್ಟು ಬಂದಿರಲಿಲ್ಲ ಅನ್ನೋದು ಅವ್ವನ ವಾದ.

ಕಲಬುರಗಿ ಬಸ್ಸಿನಲ್ಲಿ ಅವ್ವ ಪರ್ಸ್ ಬಿಚ್ಚಿ ಝೀರೋ ಟಿಕೆಟ್ ಜೋಡಿಸಿದಳು. ಬೆಳಗಿನಿಂದ ನಾಲ್ಕು. ಬಿದ್ರಿ ಭರಣಿಯೊಳಗೆ ಸುರುಳಿ ಮಾಡಿ ಇಟ್ಟಳು. ತಮ್ಮ ತನ್ನ ಟಿಕೆಟ್ ಕೂಡಿಸಿ ಹೇಳೋಕೆ ಬಾಯಿ ತೆರೆದ, ಯಾರೂ ಕೇಳಲಿಲ್ಲ. ಹುಮನಾಬಾದ್ ದಾಟುವಾಗ ಇಬ್ಬರೂ ನಿದ್ದೆ ಹೋದೆವು. ಎಚ್ಚರ ಆಗಿದ್ದು ಅವ್ವನ ಗಂಟಲಿಗೆ. ಕಮಲಾಪುರ ಬಂದಿದೆ, ರಸ್ತೆ ಬದಿ ಬಲ್ಬಿನ ಕೆಳಗೆ ಕೆಂಪು ಬಾಳೆಹಣ್ಣಿನ ಗೊನೆ ತೂಗುತ್ತಿವೆ, ಬಸ್ ಇನ್ನೇನು ಹೊರಡಬೇಕು, ಅವ್ವ ಕಿಟಕಿಯಿಂದ ಕೈ ಹೊರಗೆ ಹಾಕಿ ಹಣ್ಣಿನವನನ್ನೂ ಡ್ರೈವರನನ್ನೂ ಒಟ್ಟಿಗೇ ಕೂಗುತ್ತಿದ್ದಾಳೆ.

"ಹೋ... ಹೋ! ನಿಂದ್ರಪಾ ತಮ್ಮಾ, ಒಂದ್ ಡಜನ್ ಹಣ್ಣು!"

ಡ್ರೈವರ್ ಬ್ರೇಕ್ ಹಾಕಿದರು.